ಮಹಿಷಾಸುರನ ಕತ್ತಿಯ ಕೈ

ಮಾನಸಿಯ ಅಜ್ಜನವರಿಗೆ,

ಹಾರ ಹಾಕಿದ ನಿಮ್ಮ ಫೋಟೋಕ್ಕೆ ಬೈದದ್ದು ಸಾಕು, ಬರೆದುಬಿಡಿ ಎಂದು ಮೊಮ್ಮಗಳು ಪೆನ್ನು ಹಿಡಿಸಿದ್ದಾಳೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇದೊಂದು ಶಿಕ್ಷೆ.

ನೀವು ಕೆತ್ತಿದ ಬೆರಳುದ್ದದ ಮಹಿಷಾಸುರನ ಕತ್ತಿಯ ಕೈ ಮತ್ತೆ ಬಿತ್ತು. ಬರೀ ಗೋಂದು ನಿಲ್ಲುವುದಿಲ್ಲ, ಒಳಗೆ ತಂತಿ ಕೊಡಿ ಎಂದು ಬಡಕೊಂಡಿದ್ದೆ. ಕೇಳಿದಿರಾ?

ಡೊಂಬಿವಲಿಯ ಅಂಗಡಿಯವನು ಕರೆಂಟಿನ ಡ್ರಿಲ್ ತೋರಿಸಿ, "ಆಜಿ, ಹೇ ಘ್ಯಾ" ಎಂದ, ಇದು ತಗೊಳ್ಳಿ ಅಂತ. "ಗೋಡೆ ಕೊರೆಯಲಿಕ್ಕಲ್ಲ ಮಾರಾಯ, ಕೈಯಲ್ಲಿ ತಿರುಗಿಸುವುದು ಕೊಡು" ಎಂದು ಸೆರಗಿನ ಪಿನ್ನು ಕಿತ್ತು, ಇಷ್ಟೇ ಸಪೂರದ ತೂತು ಬೇಕೆಂದೆ. ಮನೆಗೆ ಬಂದು ಕೊರೆದು, ಅದೇ ಪಿನ್ನಿನ ತುಂಡು ಸಿಕ್ಕಿಸಿದೆ. ಅಸುರ ಗಟ್ಟಿಯಾದ!

ಆದರೆ ಕೈ ಸುತ್ತ ತಿರುಗುತ್ತದೆ. ಕತ್ತಿ ಮೇಲಿತ್ತೋ, ಕೆಳಗಿತ್ತೋ? ಮೂವತ್ತು ವರ್ಷ ಧೂಳು ಒರೆಸಿದ್ದೇನೆ, ಸರಿಯಾಗಿ ನೋಡಿಲ್ಲ. ಗೋಂದು ಹಾಕದೆ ಇಟ್ಟಿದ್ದೇನೆ. ನವರಾತ್ರಿ ಬಂತು, ಅಕ್ಟೋಬರ್ ಐದರೊಳಗೆ ಉತ್ತರ ಬೇಕು.