ಹತ್ತಕ್ಕೆ ಹತ್ತು

ಮನೆಯಿಂದ,
ಮಾರ್ಚ್ ೯, ಸೋಮವಾರ

ಪ್ರೀತಿಯ ಮಗಳೇ,

ಕೆಮ್ಮು ಕಡಿಮೆಯಾಯಿತೇ? ಗೆಳತಿಯ ಮನೆ ಅಂತ ಸಂಕೋಚಪಟ್ಟು ಬಿಸಿನೀರು ಕೇಳದೆ ಇರಬೇಡ. ಇಲ್ಲಿ ನಾನು ಗುಂಡುಕಲ್ಲಿನ ಹಾಗಿದ್ದೇನೆ. ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಇಡೀ ವ್ಯವಹಾರಕ್ಕೆ ತಗುಲಿದ್ದು ಇಷ್ಟು: ಒಂದು ವಿಷಯ, ಎಂಟು ನಿಮಿಷ, ಒಬ್ಬಳು ಮಗಳು.

ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕೂತು ಪ್ರಯಾಣಿಕರಿಂದ ಬೈಸಿಕೊಂಡೇ ಇಂಗ್ಲಿಷ್ ಕಲಿತವನು ನಾನು. ವಿಶ್ವವಿದ್ಯಾಲಯದವರು ಕರೆದು ಇಂಗ್ಲಿಷ್ ಮಾತುಗಾರಿಕೆಯ ಕೋರ್ಸು ಕೈಗೆ ಕೊಟ್ಟಾಗ ಮೊದಲು ಬದಲಾಯಿಸಿದ್ದೇ ಚರ್ಚೆಯ ವಿಷಯಗಳನ್ನು. 'ನನ್ನ ಮೆಚ್ಚಿನ ಆಟ' ಅಂದರೆ ಮಕ್ಕಳು ಮೂರು ವಾಕ್ಯ ಹೇಳಿ ಕಿಟಕಿ ನೋಡುತ್ತವೆ. 'ಬಾಡಿಗೆ ಮನೆ ಕೊಡುವಾಗ ಜಾತಿ ಕೇಳಬಹುದೇ' ಅನ್ನು, ಇಂಗ್ಲಿಷ್ ಬರುವುದಿಲ್ಲ ಅನ್ನುವುದನ್ನೇ ಮರೆತು ಜಗಳಕ್ಕೆ ಬೀಳುತ್ತವೆ. ವಿಷಯ ಯಾರದಾದರೂ ಮನೆಯ ಬಾಗಿಲು ತಟ್ಟಬೇಕು, ಆಗಲೇ ನಾಲಿಗೆ ಸಡಿಲವಾಗುವುದು. ಆದರೆ ಯಾರೂ ಮುಜುಗರಪಡಬಾರದು ಅಂತ ಚೀಟಿಯ ಪದ್ಧತಿ ಇಟ್ಟೆ. ಡಬ್ಬಿಯಿಂದ ಎತ್ತಿದ ಚೀಟಿಯಲ್ಲಿ ಯಾವ ಪಕ್ಷ ಬಂತೋ ಅದನ್ನೇ ವಾದಿಸಬೇಕು. ಅದು ಚೀಟಿಯ ಮಾತು, ಆಡಿದವರದಲ್ಲ.

ಗಂಡನನ್ನು ಬಿಟ್ಟು ನೀನು ಮನೆಗೆ ಬಂದು ಏಳು ತಿಂಗಳಾಗಿತ್ತು. ಸಂದರ್ಶನಕ್ಕೆ ಮಾತು ಬರಲಿ ಅಂತ ನಾನೇ ನಿನ್ನನ್ನು ತರಗತಿಗೆ ಸೇರಿಸಿದ್ದೆ. ಆ ವಾರ ನಾನು ಆರಿಸಿದ ವಿಷಯ, 'ಮದುವೆ ಮುರಿದು ಬಂದ ಮಗಳು ತವರಿನಲ್ಲೇ ಉಳಿಯಬೇಕೇ?' ನಿನಗೆ ಬಂದ ಚೀಟಿ, 'ಉಳಿಯಬಾರದು'.

ಎಷ್ಟು ಚೆನ್ನಾಗಿ ಮಾತಾಡಿದೆ! ಆ ಮಗಳು ಒಳಗೆ ಬಂದರೆ ಅಪ್ಪ ಫೋನಿನಲ್ಲಿ ದನಿ ತಗ್ಗಿಸುತ್ತಾನೆ, ನಗು ಬಂದರೆ ಅಮ್ಮ ಅಡುಗೆಮನೆಗೆ ಹೋಗಿ ನಗುತ್ತಾಳೆ ಅಂದೆ. ಒಳ್ಳೆಯ ಉದಾಹರಣೆಗಳು ಅಂತ ನಾನು ಗುರುತು ಹಾಕಿಕೊಳ್ಳುತ್ತಿದ್ದೆ. ಐದನೇ ನಿಮಿಷಕ್ಕೆ ನೀನು ತಡವರಿಸಿ ನಿಂತೆ. ನಾನು ಗಡಿಯಾರ ತಟ್ಟಿ, "ಇನ್ನೂ ಮೂರು ನಿಮಿಷ ಇದೆ, ಮುಂದುವರಿಸಿ" ಅಂದೆ. ಹೆತ್ತ ಮಗಳಿಗೆ ಬಹುವಚನ! ನೀನು ಮುಂದುವರಿಸಿದೆ.

ಆಮೇಲೆ ಮೆಟ್ಟಿಲ ಹತ್ತಿರ ಕೇಳಿದೆಯಲ್ಲ, "ಅಪ್ಪಾ, ನಿನ್ನ ಉತ್ತರ ಏನು?" ಅಂತ. ಊರಿಗೆಲ್ಲ ಮಾತು ಕಲಿಸುವವನು, "ಎರಡು ಕಡೆ ನೀನು ಸ್ವಲ್ಪ ಅವಸರ ಮಾಡಿದೆ" ಅಂದೆ. ಸಂಜೆ ಮನೆಗೆ ಬಂದಾಗ ನಿನ್ನ ಚೀಲ ಇರಲಿಲ್ಲ.

ಎಲ್ಲಿದ್ದರೂ ಹೊಟ್ಟೆ ತಣ್ಣಗಿರಲಿ, ತಾಯಿ. ನಿನ್ನ ಗೆಳತಿಗೂ ನನ್ನ ಆಶೀರ್ವಾದ ತಿಳಿಸು.

ನಿನ್ನ
ಅಪ್ಪ

ತಾ.ಕ.: ಆ ದಿನ ಹಿಂದಿನ ಬೆಂಚಿನಲ್ಲಿ ಕೂತಿದ್ದವರು ವಿಭಾಗದ ಮುಖ್ಯಸ್ಥರು, ಕೋರ್ಸು ಇರಬೇಕೋ ಮುಚ್ಚಬೇಕೋ ಅಂತ ನೋಡಲು ಬಂದಿದ್ದರು. ನಿನ್ನ ಮುಂದೆ ಹಿಡಿದ ಡಬ್ಬಿಯಲ್ಲಿ ಎಲ್ಲ ಚೀಟಿಯಲ್ಲೂ 'ಉಳಿಯಬಾರದು' ಅಂತಲೇ ಇತ್ತು. ನೋವಿದ್ದವಳು ಚೆನ್ನಾಗಿ ಮಾತಾಡುತ್ತಾಳೆ ಅಂತ ನಾನೇ ಲೆಕ್ಕ ಹಾಕಿದ್ದೆ. 'ಉಳಿಯಬೇಕು' ಅನ್ನುವ ಚೀಟಿ ನನ್ನ ಜೇಬಿನಲ್ಲಿತ್ತು, ಈ ಪತ್ರದೊಳಗೆ ಇಟ್ಟಿದ್ದೇನೆ. ಈ ಸಲ ಅದು ನನ್ನದೇ ಮಾತು.

ಮುಖ್ಯಸ್ಥರಿಗೆ ಒಳ್ಳೆಯ ತರಗತಿ ಸಿಕ್ಕಿತು. ಕೋರ್ಸಿಗೆ ಎರಡು ವರ್ಷ ಸಿಕ್ಕಿತು. ನನಗೆ ಕೆಲಸ ಉಳಿಯಿತು. ಅಮ್ಮನಿಗೆ ಖಾಲಿ ಕೋಣೆ. ನಿನಗೆ ಹತ್ತಕ್ಕೆ ಹತ್ತು.