ದೃಷ್ಟಿ ತಗಲದ ಟ್ರ್ಯಾಕ್ಟರು

ಬೂದಿಕೋಟೆ
ಭಾನುವಾರ

ಮುನಿಸ್ವಾಮಪ್ಪ ಮಾವನಿಗೆ ನಮಸ್ಕಾರ.

ನಿಮ್ಮ ಫೋನು ಎತ್ತಲು ಮುಖವಿಲ್ಲದೆ ಹಾಲಿನ ವ್ಯಾನಿನವನ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ. ನಿಮ್ಮ ದಿವ್ಯಳ ಮದುವೆ ಮೆರವಣಿಗೆಗೆ ತಾತನ ಟ್ರ್ಯಾಕ್ಟರಿಗೆ ನಾನೇ ಬಣ್ಣ ಹೊಡೆಯುತ್ತೇನೆ, ಪೇಂಟರ್ ಯಾಕೆ ಎಂದು ಎಲ್ಲರೆದುರು ಕೊಚ್ಚಿಕೊಂಡಿದ್ದೆನಲ್ಲ. ತುಕ್ಕೇನೋ ಚೆನ್ನಾಗಿಯೇ ಉಜ್ಜಿದೆ. ಆಮೇಲೆ ಪಳಪಳ ಹೊಳೆಯಲಿ ಅಂತ ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಅದರ ಮೇಲೆಯೇ ಕೆಂಪು ಬಳಿದೆ. ಈಗ ಬೆರಳು ತಾಗಿದರೆ ಸಾಕು, ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಎದ್ದು ಬರುತ್ತದೆ.

ಉಜ್ಜುವಾಗ ಬಾನೆಟ್ಟಿನ ಮೇಲೆ ಅಜ್ಜಿ ಇಟ್ಟಿದ್ದ ದೃಷ್ಟಿಬೊಟ್ಟನ್ನೂ ಗ್ರೀಸಿನ ಕಲೆ ಅಂದುಕೊಂಡು ತೆಗೆದುಬಿಟ್ಟಿದ್ದೆ. ಮತ್ತೆ ಇಡು ಬಾ ಎಂದು ನಿನ್ನೆ ಕರೆದರೆ, ಗಾಡಿಯನ್ನು ಒಂದು ಸುತ್ತು ನೋಡಿ, "ಬುಡ್ಲಾ, ಇನ್ಮೇಲೆ ಇದುಕ್ಕೆ ಯಾರ್ ದೃಷ್ಟೀನೂ ತಗಲಲ್ಲ" ಅಂದಳು.

ಬರುವಾಗ ದಯವಿಟ್ಟು ಬಂಗಾರಪೇಟೆಯಿಂದ ಒಬ್ಬ ಪೇಂಟರನ್ನು ಕರೆತನ್ನಿ. ದಿವ್ಯಳಿಗೆ ಈಗಲೇ ಏನೂ ಹೇಳಬೇಡಿ. ಮಡ್‌ಗಾರ್ಡು, ಚಕ್ರ ಎಲ್ಲವನ್ನೂ ನಾನೇ ಕೆರೆದಿಟ್ಟಿರುತ್ತೇನೆ. ಬಾನೆಟ್ಟನ್ನು ಮಾತ್ರ ನನ್ನ ಕೈಲಿ ಕೆರೆಯಲಾಗುವುದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಆ ಸುಕ್ಕುಗಳ ನಡುವೆ ಕಾಡಿಗೆಯ ಬೊಟ್ಟಿತ್ತು, ಮೊದಲಿದ್ದದ್ದಕ್ಕಿಂತ ದೊಡ್ಡದು.

ಮುಖ ತೋರಿಸಲಾರದ ನಿಮ್ಮ ಅಳಿಯ,
ಬೈರೇಶ್