ಗಾಜಿನ ಪೆಟ್ಟಿಗೆಯ ಏಪ್ರನ್

ಮುನಿಸಿಕೊಂಡು ಕೂತ ಸ್ವೀ ಲಿಯಾಂಗ್ ಮಾವನಿಗೆ,

ನಿಮ್ಮ ಅಕ್ಕನ ಮಗಳು ಸಿಯೋಕ್ ಹೋಂಗ್ ಮಾಡುವ ನಮಸ್ಕಾರ. ಆಮಂತ್ರಣ ಹಿಡಿದು ಮೂರು ಸಲ ಬಂದು ಬಾಗಿಲು ತಟ್ಟಿದೆ. ನನಗೆ ನಿಮ್ಮ ಪಿಟೀಲು ಕೇಳಿಸಿತು, ನಿಮಗೆ ನಾನು ಕೇಳಿಸಲಿಲ್ಲ. ಅದಕ್ಕೇ ಈ ಕಾಗದ.

ನಮ್ಮ ಮಲಾಕಾದ ಸಹಾಯಾರ್ಥ ನೃತ್ಯಕೂಟಕ್ಕೆ ಇದು ಮೂವತ್ತನೆಯ ವರ್ಷ. ಸ್ಮರಣ ಸಂಚಿಕೆಗೆ ಅದರ ಇತಿಹಾಸ ಬರೆಯುವ ಕೆಲಸವನ್ನು ಅಧ್ಯಕ್ಷ ಚಿಯಾ ನನ್ನ ತಲೆಗೆ ಕಟ್ಟಿದ್ದಾರೆ. ಕಾರ್ಯದರ್ಶಿ ಎಂದರೆ ಕರೆದಾಗ ಬರುವವಳು, ಹೇಳಿದ್ದು ಬರೆಯುವವಳು. ಬರೆಯುತ್ತಾ ಹೋದಂತೆ ಪುಟಕ್ಕಿಂತ ಬೀಪಿಯೇ ಹೆಚ್ಚು ಏರಿತು.

ಮೊದಲ ಕೂಟ ನಡೆದದ್ದು ನಮ್ಮ ಮನೆಯ ಪಡಸಾಲೆಯಲ್ಲಿ. ದೊಂಡಾಂಗ್ ಸಾಯಾಂಗ್ ಎಂಬ ನಮ್ಮ ಸವಾಲು-ಜವಾಬಿನ ಪದ ಹಾಡುವವರು ಊರಲ್ಲಿ ಬೆರಳೆಣಿಕೆಗೆ ಇಳಿದಿದ್ದರು. ಕಲಿಸಲು ಒಂದು ಶಾಲೆ ಬೇಕೆಂದು ಅಮ್ಮ ಹಠ ಹಿಡಿದಳು. ಅದಕ್ಕೆ ಹಣ ಕೂಡಿಸಲೆಂದೇ ಈ ಕೂಟ. ನೀವು ಪಿಟೀಲು ನುಡಿಸಿ ನಾಲ್ಕು ಸಾಲಿನ ಪದ ಎಸೆಯಬೇಕು, ಕುಣಿಯಲು ಬಂದವರು ಪ್ರಾಸಕ್ಕೆ ಪ್ರಾಸ ಹೊಂದಿಸಿ ಉತ್ತರ ಹಾಡಬೇಕು, ಸೋತವರು ಏಪ್ರನ್ ಕಟ್ಟಿಕೊಂಡು ಎಲ್ಲರಿಗೂ ಮರಗೆಣಸಿನ ಸಿಹಿ ಹಂಚಬೇಕು. "ಕಾಲೊಂದೇ ಕುಣಿದ್ರೆ ಸಾಕೇನೋ ತಮ್ಮಾ, ನಾಲಿಗೇನೂ ಕುಣೀಲಿ" ಅಂದಿದ್ದಳು ನಿಮಗೆ. ರಬ್ಬರ್ ತೋಟದ ಸಾಹುಕಾರರು ಮೂರು ಪದಕ್ಕೂ ಸೋತು, ಹೊಟ್ಟೆಗೆ ಸಾಲದ ಏಪ್ರನ್ನಿನಲ್ಲಿ ತಟ್ಟೆ ಹಿಡಿದು ಸುತ್ತಿದರು. ಮರುವರ್ಷ ಪದ ಕಲಿತೇ ಬಂದರು. ಹದಿನಾರರ ನಾನು ಬಾಗಿಲಿಗೆ ಒರಗಿ ನೋಡಿದ್ದೆ.

ಆಮೇಲೆ ಕೂಟ ಹೋಟೆಲಿಗೆ ಹೋಯಿತು. ದೊಡ್ಡ ಟಿಕೆಟ್ ಕೊಂಡವರಿಗೆ ಉತ್ತರ ಹಾಡುವುದರಿಂದ ವಿನಾಯಿತಿ ಬಂತು. ಎಲ್ಲರೂ ದೊಡ್ಡ ಟಿಕೆಟ್ಟನ್ನೇ ಕೊಂಡರು. ಹಾಡು ಉಳಿಸುವ ಕೂಟದಲ್ಲಿ ಹಾಡದಿರುವುದಕ್ಕೇ ಹೆಚ್ಚು ಬೆಲೆ. ಏಪ್ರನ್ ಗಾಜಿನ ಪೆಟ್ಟಿಗೆ ಸೇರಿತು, ನೀವು ಅಡುಗೆಮನೆಯ ಬಾಗಿಲ ಪಕ್ಕ ಸೇರಿದಿರಿ. ಹೋದ ವರ್ಷ ನಿಮ್ಮ ಪದದ ಎರಡು ಸಾಲು ಮುಗಿದಿತ್ತಷ್ಟೆ, ನಿರೂಪಕ ಲಕ್ಕಿ ಡ್ರಾ ಎಂದು ಕೂಗಿದ. ನೀವು ಪಿಟೀಲು ಎತ್ತಿಕೊಂಡು ಹೊರಟುಹೋದಿರಿ.

ಹೊತ್ತಾಯಿತೆಂದು ಆ ನಿರೂಪಕನಿಗೆ ಚೀಟಿ ಕಳಿಸಿದ್ದು ನಾನು, ಮಾವ. ಅದು ಚಿಯಾ ಅವರ ಕೆಲಸವೆಂದು ನೀವು ಬೈಯುವಾಗಲೆಲ್ಲ ತಲೆಯಾಡಿಸಿ ಸುಮ್ಮನಿದ್ದೆ. ತಪ್ಪಾಯಿತು.

ಆದರೆ ನಿಮ್ಮ ಹಠವೂ ಏನು ಕಡಿಮೆಯೇ? ಸೋಮವಾರದ ಸಭೆಯಲ್ಲಿ ಚಿಯಾ ಹೇಳಿದ್ದು ಕೇಳಿ: "ನಿಮ್ಮ ಮಾವ ಬರಲ್ಲ ಅಂದ್ರೆ ಬಿಡಮ್ಮ, ರೆಕಾರ್ಡ್ ಹಾಕೋಣ. ಅದಕ್ಕೆ ಸಿಟ್ಟೂ ಬರಲ್ಲ, ಊಟಾನೂ ಬೇಡ." ಎಲ್ಲರೂ ನಕ್ಕರು. ಈ ವರ್ಷ ರೆಕಾರ್ಡ್ ಹಾಡಿದರೆ ಮುಂದೆಂದೂ ಮನುಷ್ಯರನ್ನು ಕರೆಯುವುದಿಲ್ಲ. ನೀವೋ, ಗೋಡೆಗೆ ಪಿಟೀಲು ಕೇಳಿಸುತ್ತಾ ಗೆದ್ದೆ ಅಂದುಕೊಂಡಿದ್ದೀರಿ.

ಚಿಯಾ ಅವರೊಡನೆ ಜಗಳವಾಡಿ ಒಂದು ಮಾತು ಒಪ್ಪಿಸಿದ್ದೇನೆ. ಶನಿವಾರ ಸಂಜೆ ನಾಲ್ಕಕ್ಕೆ ನಮ್ಮ ಪಡಸಾಲೆಯಲ್ಲಿ ನೀವು ಹಾಡಿದರೆ ಈ ವರ್ಷದ ಕೂಟ ಅಲ್ಲೇ, ಯಾರಿಗೂ ವಿನಾಯಿತಿ ಇಲ್ಲ. ನೀವು ಬರದಿದ್ದರೆ ಹೋಟೆಲು, ರೆಕಾರ್ಡು. ಇನ್ನು ಬೇಡಿಕೊಳ್ಳುವುದಿಲ್ಲ, ಪದ ಎಸೆಯುತ್ತೇನೆ:

ಹೊಳೆಯಲಿ ದೋಣಿಯ ಹಗ್ಗವು ಸಡಿಲು,
ದಡದಲಿ ಒಣಗಿದೆ ಮೀನಿನ ಬಲೆ;
ತೆರೆದೇ ಇಟ್ಟಿಹೆ ಅಮ್ಮನ ಬಾಗಿಲು,
ಪಿಟೀಲು ಇಲ್ಲದ ಮನೆಗೇನು ಬೆಲೆ?

ಪದಕ್ಕೆ ಉತ್ತರ ಕೊಡದವರು ಸೋತಂತೆ. ಈ ನಿಯಮ ನನಗೆ ಕಲಿಸಿದವರು ನೀವೇ. ನೀವು ಬಂದು ಉತ್ತರ ಹಾಡಿದರೆ ತಿರುಗಿ ಹಾಡುವ ಶಕ್ತಿ ನನಗಿಲ್ಲ. ಅದಕ್ಕೇ ಪೆಟ್ಟಿಗೆಯ ಬೀಗ ತೆಗೆದು ಏಪ್ರನ್ ಒಗೆದು ಒಣಹಾಕಿದ್ದೇನೆ.

ನಿಮ್ಮ ಗಂಟಲು ನೂರು ಕಾಲ ಗಟ್ಟಿಯಾಗಿರಲಿ, ಸಿಟ್ಟು ಶನಿವಾರದ ತನಕ ಮಾತ್ರ ಇರಲಿ.

ಸೋಲಲು ಕಾದಿರುವ,
ಸಿಯೋಕ್ ಹೋಂಗ್